ಎಡಬದಿಯ ದೀಪ: ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಪ್ರಕರಣ

ಈ ಪ್ರಕರಣವನ್ನು ಮಾಲೀಕರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಕಾರಿನ ಬಣ್ಣ, ನೋಂದಣಿ, ಇಂಥ ಕಾರು ಇಟ್ಟುಕೊಂಡವರ ನಮ್ಮ ಬಳಗದ ಹೆಸರು, ವರ್ಕ್‌ಶಾಪ್ ಯಾವುದನ್ನೂ ಹೇಳುವುದಿಲ್ಲ. ಮಾದರಿಯ ಹೆಸರನ್ನೂ ಬಿಟ್ಟಿದ್ದೇನೆ. ಇಂಥ ಕಾರುಗಳು ಒಂದು ಬಳಗದಲ್ಲಿ ಕೆಲವೇ ಇರುತ್ತವೆ, ಮಾದರಿಯನ್ನು ಹೇಳಿದರೆ ಮಾಲೀಕರ ಹೆಸರನ್ನೇ ಹೇಳಿದಂತಾಗುತ್ತದೆ. ಓದುಗರಿಗೆ ಇಷ್ಟು ತಿಳಿದಿದ್ದರೆ ಸಾಕು: 1990ರ ದಶಕದ ಉತ್ತರಾರ್ಧದ ಎರಡು ಆಸನಗಳ ಕಾರು, ಆಸನಗಳ ಬೆನ್ನಿಗೇ ಕುಳಿತ ವಿ8 ಎಂಜಿನ್ (ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಸಿಲಿಂಡರು), ಕೈಯಿಂದ ಬದಲಿಸುವ ಗೇರು. ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬದಲಿಸಬೇಕೆಂದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. ನಾನು ಆ ಬಳಗದ ಸದಸ್ಯ. ಮುಂದೆ ಬರುವ ತಪ್ಪು ಸಲಹೆಯನ್ನು ಕೊಟ್ಟವರಲ್ಲಿ ನಾನೂ ಒಬ್ಬ. ಹಾಗಾಗಿ ಇದನ್ನು ಬರೆದಿಡುವ ಹೊಣೆ ನನ್ನ ಮೇಲಿದೆ ಎಂದು ನಂಬಿದ್ದೇನೆ.

ಹಿನ್ನೆಲೆ

ಮಾಲೀಕರು ಕಾರು ಕೊಂಡಾಗ ಅವರಿಗೆ ಐವತ್ತರ ಹತ್ತಿರದ ವಯಸ್ಸು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಚಿತ್ರದ ಕಾರೇ ಬೇಕು ಎಂದು ವರ್ಷಗಟ್ಟಲೆ ಹಣ ಕೂಡಿಸಿದ್ದರು. ಕೊಳ್ಳುವ ಮುನ್ನ ಒಂದೂವರೆ ವರ್ಷ ನಮ್ಮ ಬಳಗದ ಜೊತೆ ಓಡಾಡಿದರು. ಬೇರೆಯವರ ಕಾರುಗಳ ಕೆಳಗೆ ಮಲಗಿ ನೋಡಿದರು, ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆತುರದವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ಎಡವಿದವರು ಎಚ್ಚರಿಕೆಯುಳ್ಳ ಮನುಷ್ಯರೇ.

ಕೊನೆಗೆ ಅವರ ಮುಂದೆ ಎರಡು ಕಾರುಗಳಿದ್ದವು. ಒಂದು ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿತ್ತು. ಆಸನದ ಚರ್ಮ ಸವೆದಿತ್ತು, ಮೂತಿಯ ಬಣ್ಣಕ್ಕೆ ಕಲ್ಲೇಟಿನ ಚುಕ್ಕೆಗಳಿದ್ದವು, ಆದರೆ ಪ್ರತಿ ವರ್ಷದ ಸರ್ವಿಸಿನ ರಸೀದಿ ಇತ್ತು. ಇನ್ನೊಂದು ಹತ್ತೊಂಬತ್ತು ಸಾವಿರವಷ್ಟೇ ಓಡಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾಲೀಕರು ಎರಡನೆಯದನ್ನು ಆರಿಸಿಕೊಂಡರು. ಬಳಗದ ಬಹುಪಾಲು ಜನ ಹೌದೆಂದರು. ಕಡಿಮೆ ಓಡಿದ ಕಾರು ಒಳ್ಳೆಯ ಕಾರು ಎಂಬ ಮಾತು ನಮ್ಮಲ್ಲಿ ಅಷ್ಟು ಬೇರೂರಿತ್ತು.

ಆ ಕಾರು ತನ್ನ ಬಗ್ಗೆ ತಾನೇ ಹೇಳುತ್ತಿದ್ದ ಒಂದು ಮಾತನ್ನು ನಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಟೈರಿನ ಪಕ್ಕದಲ್ಲಿ ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ನಂತರದ ಎರಡು ವರ್ಷ. ಈ ಕಾರಿನ ನಾಲ್ಕೂ ಟೈರುಗಳ ಮೇಲೆ 2309 ಎಂದಿತ್ತು, ಅಂದರೆ 2009ರ 23ನೇ ವಾರ. ನೆಲ ಹಿಡಿಯುವ ಅಚ್ಚು ಸವೆಯದೆ ಪೂರ್ತಿ ಇದ್ದರೂ ರಬ್ಬರು ಹತ್ತು ವರ್ಷ ದಾಟಿ ಗಟ್ಟಿಯಾಗಿತ್ತು. ಟೈರು ಬದಲಿಸಬೇಕು ಎಂದು ಎಲ್ಲರೂ ಬರೆದುಕೊಂಡೆವು. ಟೈರಿನ ರಬ್ಬರು ಹಾಗಾಗಿದ್ದರೆ ಎಂಜಿನ್ ಕೋಣೆಯ ಹೋಸುಗಳು, ಸೀಲುಗಳು, ಆಕ್ಸಲ್ ಕೀಲಿನ ಮುಸುಕುಗಳು ಹೇಗಿರಬೇಕು ಎಂದು ಯಾರೂ ಮುಂದುವರಿದು ಕೇಳಲಿಲ್ಲ.

ಕೊಳ್ಳುವ ಮುನ್ನಿನ ತಪಾಸಣೆಯಲ್ಲೂ ಒಂದು ಕೊರತೆ ಉಳಿಯಿತು. ಮಾರುವವರು ಸಿಲಿಂಡರುಗಳೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆಯ ವರದಿ ಕೊಟ್ಟಿದ್ದರು. ಎಂಟೂ ಸಿಲಿಂಡರುಗಳ ಅಂಕಿಗಳು ಹತ್ತಿರಹತ್ತಿರ ಇದ್ದವು. ಅಷ್ಟು ಸಾಕೆನಿಸಿತು. ಕಂಪ್ರೆಶನ್ ಪರೀಕ್ಷೆಯಲ್ಲಿ ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ, ಒತ್ತಡ ಒಂದು ಕ್ಷಣಕ್ಕೆ ಏರಿದರೆ ಮಾಪಕ ಅದನ್ನು ಹಿಡಿದುಬಿಡುತ್ತದೆ; ನಿಧಾನದ ಸೋರಿಕೆ ಅಲ್ಲಿ ಮರೆಯಾಗುತ್ತದೆ. ಲೀಕ್‌ಡೌನ್ ಪರೀಕ್ಷೆ ಬೇರೆ. ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಗಾಳಿಯನ್ನು ಒತ್ತಡದಲ್ಲಿ ಬಿಟ್ಟು, ನೂರರಲ್ಲಿ ಎಷ್ಟು ಪಾಲು ಸೋರುತ್ತಿದೆ ಎಂದು ಅಳೆಯುತ್ತಾರೆ. ಎಲ್ಲಿಂದ ಸೋರುತ್ತಿದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಸೈಲೆನ್ಸರ್ ಕೊಳವೆಯಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ಹಾಕುವ ಬಾಯಲ್ಲಾದರೆ ಪಿಸ್ಟನ್ ರಿಂಗ್, ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಈ ಕಾರಿಗೆ ಕೊಳ್ಳುವ ಮುನ್ನ ಆ ಪರೀಕ್ಷೆ ಆಗಲಿಲ್ಲ.

ಬೆಲ್ಟಿನ ವಿಷಯವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಮುಂದಿನ ತೀರ್ಮಾನಗಳೆಲ್ಲ ಅದರ ಸುತ್ತ ತಿರುಗುತ್ತವೆ. ಇಂಥ ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ತೆರೆದ ಸ್ಥಿತಿಯಲ್ಲೇ ನಿಂತು ಪಿಸ್ಟನ್ನಿಗೆ ಬಡಿಯುತ್ತವೆ, ಎಂಜಿನ್ನಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಓಡಿಸದೆ ನಿಲ್ಲಿಸಿದರೂ ಬೆಲ್ಟಿಗೆ ವಯಸ್ಸಾಗುತ್ತದೆ, ಆದ್ದರಿಂದ ಕಿಲೋಮೀಟರ್ ಲೆಕ್ಕದ ಜೊತೆ ವರ್ಷದ ಲೆಕ್ಕವೂ ಇರುತ್ತದೆ. ಬದಲಿಸುವ ಕಷ್ಟ ಮಾದರಿಯಿಂದ ಮಾದರಿಗೆ ಬೇರೆ. ಫೆರಾರಿಯಲ್ಲೇ ನೋಡಿ: 1994ರಲ್ಲಿ ಬಂದ ಎಫ್355ರಲ್ಲಿ ಈ ಕೆಲಸಕ್ಕೆ ಎಂಜಿನ್ ಇಳಿಸಬೇಕು, 1999ರ 360 ಮೊಡೆನಾದಲ್ಲಿ ಆಸನಗಳ ಹಿಂದಿನ ಮುಚ್ಚಳ ತೆಗೆದರೆ ಬೆಲ್ಟ್ ಕೈಗೆ ಸಿಗುತ್ತದೆ, 2004ರಲ್ಲಿ ಬಂದ ಎಫ್430ರಲ್ಲಿ ಬೆಲ್ಟಿನ ಜಾಗಕ್ಕೆ ಚೈನ್ ಬಂತು. ನಮ್ಮ ಪ್ರಕರಣದ ಕಾರು ಮೊದಲ ಬಗೆಯದು. ಅದರ ಮುಂದಿನ ಬೆಲ್ಟ್ ಕೆಲಸಕ್ಕೆ ಇನ್ನೂ ಒಂದೂವರೆ ವರ್ಷವಿತ್ತು.

ಸಮಸ್ಯೆ

ಕೊಂಡ ನಾಲ್ಕನೆಯ ತಿಂಗಳಲ್ಲಿ ಡ್ಯಾಶ್‌ಬೋರ್ಡಿನ ಒಂದು ದೀಪ ಮಿನುಗಿತು. ಈ ಕಾರಿನಲ್ಲಿ ಎಂಜಿನ್ನಿನ ಎರಡು ಬದಿಗೂ ಹೊಗೆಯನ್ನು ಶುದ್ಧಗೊಳಿಸುವ ಒಂದೊಂದು ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಒಂದೊಂದಕ್ಕೂ ಶಾಖ ಅಳೆಯುವ ಒಂದು ಥರ್ಮೋಕಪಲ್, ಅದರ ಮಾತನ್ನು ಓದುವ ಅಂಗೈಯಗಲದ ಒಂದು ಮಾಡ್ಯೂಲ್. ಶಾಖ ಮಿತಿಯ ಹತ್ತಿರ ಬಂದರೆ ಆ ಬದಿಯ ದೀಪ ಮಿನುಗುತ್ತದೆ, ವೇಗ ತಗ್ಗಿಸು ಎಂದು ಅರ್ಥ. ನಿಂತು ಉರಿದರೆ ಕಾರನ್ನು ನಿಲ್ಲಿಸಬೇಕು. ಮಿನುಗಿದ್ದು ಎಡಬದಿಯ ದೀಪ. ಹತ್ತು ಸೆಕೆಂಡು ಮಿನುಗಿ ಆರಿತು.

ಮಾಲೀಕರು ಅಂದೇ ಸಂಜೆ ಬಳಗಕ್ಕೆ ತಿಳಿಸಿದರು. ಅರ್ಧ ಗಂಟೆಯೊಳಗೆ ಏಳು ಉತ್ತರಗಳು ಬಂದವು, ಏಳೂ ಒಂದೇ: ಮಾಡ್ಯೂಲ್ ಕೆಟ್ಟಿದೆ, ಎಲ್ಲರದ್ದೂ ಕೆಡುತ್ತದೆ, ಗಾಬರಿ ಬೇಡ. ಅವುಗಳಲ್ಲಿ ಒಂದು ಉತ್ತರ ನನ್ನದು. ನಾನು ಸುಳ್ಳು ಹೇಳಲಿಲ್ಲ. ನನ್ನ ಕಾರಿನ ಮಾಡ್ಯೂಲ್ ಎರಡು ಸಲ ಕೆಟ್ಟಿತ್ತು, ಬದಲಿಸಿದ ಮೇಲೆ ದೀಪ ಮತ್ತೆ ಬರಲಿಲ್ಲ. ವಯಸ್ಸಾದ ಎಲೆಕ್ಟ್ರಾನಿಕ್ ಭಾಗ, ಎಂಜಿನ್ನಿನ ಬಿಸಿಯ ಪಕ್ಕದಲ್ಲೇ ಇರುತ್ತದೆ, ಕೆಡುವುದು ಸಹಜ. ಏಳು ಜನರ ಅನುಭವವೂ ನಿಜವಾದದ್ದೇ. ಆ ಕಾರಿನ ಎಡಬದಿಯಲ್ಲಿ ಆ ದಿನ ಏನಾಗುತ್ತಿತ್ತು ಎಂದು ಮಾತ್ರ ಏಳರಲ್ಲಿ ಒಬ್ಬರೂ ನೋಡಿರಲಿಲ್ಲ.

ಏನೇನು ಮಾಡಿದೆವು

ಹೊಸ ಮಾಡ್ಯೂಲ್ ತರಿಸಿ ಹಾಕಿದರು. ಎರಡು ವಾರ ದೀಪ ಸುಮ್ಮನಿತ್ತು. ಎಲ್ಲರೂ ಹೇಳಿದ್ದು ಸರಿಯಾಯಿತು ಎಂದು ಮಾಲೀಕರು ಸಂತೋಷದಿಂದ ಬರೆದರು. ಮೂರನೆಯ ವಾರ ಮತ್ತೆ ಮಿನುಗಿತು.

ನಾವು ಅರ್ಥಮಾಡಿಕೊಳ್ಳಬೇಕಿದ್ದದ್ದು ಇಲ್ಲೇ. ಹೊಸ ಮಾಡ್ಯೂಲ್ ಹಾಕಿದ ಮೇಲೂ ದೀಪ ಬಂತು ಎಂದರೆ ಮೊದಲ ಊಹೆ ಬಿತ್ತು ಎಂದೇ ಲೆಕ್ಕ. ನಾವು ಊಹೆಯನ್ನು ಬಿಡುವ ಬದಲು ಅದಕ್ಕೆ ತೇಪೆ ಹಚ್ಚಿದೆವು. ಹೊಸದೆಂದರೂ ಬಹಳ ಕಾಲ ಗೋದಾಮಿನಲ್ಲಿದ್ದ ಮಾಲು, ಅದೂ ಕೆಟ್ಟಿರಬಹುದು ಎಂದರು ಒಬ್ಬರು. ಮಾಡ್ಯೂಲ್ ಸರಿಯಿದ್ದು ಥರ್ಮೋಕಪಲ್ ಸುಳ್ಳು ಹೇಳುತ್ತಿರಬಹುದು ಎಂದರು ಇನ್ನೊಬ್ಬರು. ಎರಡೂ ಸಾಧ್ಯವಿದ್ದ ಮಾತುಗಳು. ಆದರೆ ಅಳೆಯುವ ಸಾಧನ ಸುಳ್ಳು ಹೇಳುತ್ತಿದೆ ಎಂಬ ಬಗೆಯ ವಿವರಣೆಗಳನ್ನೇ ನಾವು ಹುಡುಕುತ್ತಿದ್ದೆವು. ಸಾಧನ ನಿಜ ಹೇಳುತ್ತಿರಬಹುದು ಎಂಬ ದಿಕ್ಕಿನಲ್ಲಿ ಒಬ್ಬರೂ ಹೆಜ್ಜೆ ಇಡಲಿಲ್ಲ.

ಇದಕ್ಕೆ ಒಂದು ಕಾರಣವಿದೆ, ಅದನ್ನು ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ಒಂದೇ ಬಗೆಯ ಕಾರು ಇಟ್ಟುಕೊಂಡವರಿಗೆ ಆ ಕಾರಿನ ದೋಷ ಸಣ್ಣದಾಗಿಯೇ ಇರಲಿ ಎಂಬ ಆಸೆ ಇರುತ್ತದೆ. ದೊಡ್ಡ ದೋಷ ಎಂದು ಒಪ್ಪಿದರೆ ನಮ್ಮ ಗ್ಯಾರೇಜಿನ ಕಾರಿಗೂ ಅದೇ ಗತಿ ಬರಬಹುದು, ಅದರ ಮಾರುಕಟ್ಟೆ ಬೆಲೆಯೂ ಇಳಿಯಬಹುದು. ನಾವು ಯಾರೂ ಹಾಗೆ ಯೋಚಿಸಿ ಸಲಹೆ ಕೊಡಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಆದರೂ ಆ ಆಸೆ ಮಾತಿನ ಕೆಳಗೆ ಹರಿಯುತ್ತಲೇ ಇತ್ತು.

ಆಮೇಲೆ ಬಂದ ಸಲಹೆ ಇನ್ನೂ ಕೆಟ್ಟದ್ದು: ಹೇಗೂ ಬೆಲ್ಟಿಗೆ ಎಂಜಿನ್ ಇಳಿಸಬೇಕು, ಅಲ್ಲಿಯವರೆಗೆ ದೀಪದ ತಂತಿ ಕಳಚಿಡಿ, ಸುಮ್ಮನೆ ತಲೆಬಿಸಿ ಯಾಕೆ? ಮಾಲೀಕರು ಎರಡು ದಿನ ಯೋಚಿಸಿದರು. ನನಗೆ ಫೋನ್ ಮಾಡಿ, "ನೀವೂ ಹಾಗೆ ಮಾಡುತ್ತಿದ್ದಿರಾ ಸರ್?" ಎಂದು ಕೇಳಿದರು. ಮಾಡುತ್ತಿದ್ದೆ ಎಂದೆ. ಆ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ. ತಂತಿ ಕಳಚಿದರು.

ತಿರುವು

ಅದಾದ ಆರು ವಾರಗಳಿಗೆ ಬಳಗದ ಸವಾರಿ ಇತ್ತು. ಹನ್ನೊಂದು ಕಾರುಗಳು, ಇಡೀ ದಿನದ ಓಟ, ಕೊನೆಯ ಐವತ್ತು ಕಿಲೋಮೀಟರ್ ಏರುದಾರಿ. ಕತ್ತಲಾಗುತ್ತಿದ್ದ ಹೊತ್ತು. ಮಾಲೀಕರ ಹಿಂದಿನ ಕಾರಿನಲ್ಲಿದ್ದವರಿಗೆ ಮುಂದಿನ ಕಾರಿನ ಹಿಂಬದಿಯ ಜಾಲರಿಯ ಎಡ ಮೂಲೆಯಲ್ಲಿ ಏನೋ ಕೆಂಪಗೆ ಕಂಡಿತು. ಬ್ರೇಕ್ ದೀಪ ಎಂದುಕೊಂಡರು. ಬ್ರೇಕ್ ದೀಪ ಆರಿದ ಮೇಲೂ ಆ ಕೆಂಪು ಉಳಿಯಿತು. ಹೆಡ್‌ಲೈಟ್ ಮಿನುಗಿಸಿ, ಹಾರ್ನ್ ಹೊಡೆದು ನಿಲ್ಲಿಸಿದರು.

ಎಂಜಿನ್ ಆರಿಸಿದ ಕೂಡಲೇ ಕರಕಲು ಗ್ರೀಸಿನ ವಾಸನೆ ಬಡಿಯಿತು. ಒಬ್ಬರು ಎಂಜಿನ್ ಮುಚ್ಚಳದ ಕಡೆಗೆ ಕೈ ಚಾಚಿದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರು ಅವರ ಕೈ ಹಿಡಿದು ತಡೆದರು. ಒಳಗೆ ಬೆಂಕಿ ಹೊತ್ತಿಕೊಳ್ಳುತ್ತಿದ್ದರೆ ಮುಚ್ಚಳ ತೆರೆದ ಕ್ಷಣ ಗಾಳಿ ಸಿಕ್ಕಿ ಭುಗಿಲೆನ್ನುತ್ತದೆ. ಎಲ್ಲರನ್ನೂ ದೂರ ನಿಲ್ಲಿಸಿ, ಬೆಂಕಿ ನಂದಿಸುವ ಸಿಲಿಂಡರುಗಳನ್ನು ಎರಡು ಕಾರುಗಳಿಂದ ತರಿಸಿಕೊಂಡು ಕಾದರು. ಹೊಗೆ ಹೆಚ್ಚಲಿಲ್ಲ, ಕೆಂಪು ನಿಧಾನಕ್ಕೆ ಇಳಿಯಿತು. ಇಪ್ಪತ್ತು ನಿಮಿಷದ ನಂತರ ಮುಚ್ಚಳವನ್ನು ಮೊದಲು ಬೆರಳಗಲ ಎತ್ತಿ ನೋಡಿ, ಆಮೇಲೆ ಪೂರ್ತಿ ತೆರೆದರು. ಎಡಬದಿಯ ಆಕ್ಸಲ್ ಕೀಲಿನ ರಬ್ಬರು ಮುಸುಕು ಸೀಳಿ, ಗ್ರೀಸು ಬಿಸಿ ಕೊಳವೆಯ ಮೇಲೆ ಚೆಲ್ಲಿತ್ತು. ಪಕ್ಕದ ಒಂದು ಹೋಸು ಮೇಣದ ಹಾಗೆ ಮೆತ್ತಗಾಗಿತ್ತು. ಅದರಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲ್ ಕೊಳವೆ ಹಾದುಹೋಗುತ್ತಿತ್ತು.

ಮಾಲೀಕರು ಅಂದು ಯಾರ ಮೇಲೂ ರೇಗಲಿಲ್ಲ. ಕಾರನ್ನು ಲಾರಿಗೆ ಏರಿಸುವವರೆಗೆ ಅದರ ಪಕ್ಕದಲ್ಲೇ ನಿಂತಿದ್ದರು.

ಅಳೆದು ನೋಡಿದ್ದು

ಕೈಹಿಡಿದು ತಡೆದ ಆ ಹಿರಿಯರು ನಿವೃತ್ತ ಮೆಕ್ಯಾನಿಕ್. ಮಾಡ್ಯೂಲ್ ಚರ್ಚೆ ನಡೆದಾಗ ಬಳಗದಲ್ಲಿ ಅವರು ಮಾತಾಡಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಮರುವಾರ ವರ್ಕ್‌ಶಾಪಿಗೆ ಬಂದವರು, ಹರಿದ ಮುಸುಕನ್ನೂ ಮೆತ್ತಗಾದ ಹೋಸನ್ನೂ ಮೊದಲು ಬದಲಿಸಲು ಹೇಳಿ, ಆಮೇಲೆ ಎಡಬದಿಯ ಮಾಡ್ಯೂಲನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿಸಿದರು. ಎರಡೂ ಒಂದೇ ಬಗೆಯ ಮಾಡ್ಯೂಲ್. ದೀಪದ ತಂತಿಯನ್ನು ಮತ್ತೆ ಜೋಡಿಸಿ, ಬೆಂಕಿ ನಂದಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡು, ನಿಂತಲ್ಲೇ ಎಂಜಿನ್ ಓಡಿಸಿದರು. ದೀಪ ಬಲಕ್ಕೆ ಹೋದರೆ ಮಾಡ್ಯೂಲ್ ಕೆಟ್ಟಿದೆ, ಎಡದಲ್ಲೇ ಉಳಿದರೆ ಮಾಡ್ಯೂಲ್ ನಿರಪರಾಧಿ. ಎಂಟನೆಯ ನಿಮಿಷಕ್ಕೆ ಎಡಬದಿಯ ದೀಪವೇ ಮಿನುಗಿತು. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಎರಡೂ ಕಡೆಯ ಕೊಳವೆಗಳ ಒಂದೇ ಜಾಗಕ್ಕೆ ಹಿಡಿದಾಗ ಎಡಬದಿ ಬಲಕ್ಕಿಂತ ನೂರು ಡಿಗ್ರಿಗೂ ಹೆಚ್ಚು ಬಿಸಿ ಇತ್ತು. ಥರ್ಮೋಕಪಲ್ಲಿನ ಮೇಲಿನ ಅನುಮಾನವೂ ಅಲ್ಲಿಗೆ ಮುಗಿಯಿತು.

ಖರ್ಚಿಲ್ಲದ ಪರೀಕ್ಷೆ. ನಾಲ್ಕು ಸ್ಕ್ರೂ, ಎರಡು ಪ್ಲಗ್. ಮೊದಲ ಸಂಜೆಯೇ ಮಾಡಬಹುದಿತ್ತು.

ಮೂಲ ಸಿಕ್ಕಿದ್ದು ಹೊಗೆಯಿಂದ. ಎಕ್ಸಾಸ್ಟ್ ವ್ಯವಸ್ಥೆಯೊಳಗೆ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿದಾಗ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಡಬದಿಯ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ, ಹೊರಕವಚದ ಹೊಲಿಗೆಯಿಂದ ಅದು ದಾರದಂತೆ ಎದ್ದು ಬಂತು. ಈ ಕಾರಿನ ಮ್ಯಾನಿಫೋಲ್ಡಿಗೆ ಎರಡು ಪದರ. ಒಳಗಿನ ತೆಳು ಕೊಳವೆ ಬಿರಿದರೂ ಹೊರಗಿನ ಕವಚ ಹೊಸದರಂತೆ ಕಾಣುತ್ತದೆ. ಬಿರುಕಿನಿಂದ ಹೊಗೆ ಹೊರಬರುವುದಷ್ಟೇ ಅಲ್ಲ, ಎಕ್ಸಾಸ್ಟ್ ಅಲೆಗಳ ನಡುವೆ ಒತ್ತಡ ಕುಸಿದಾಗಲೆಲ್ಲ ಅದು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು, ಪೆಟ್ರೋಲ್ ಕಡಿಮೆಯಾಗಿದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಸುಡದೆ ಉಳಿದ ಪೆಟ್ರೋಲ್ ಆವಿ ಕನ್ವರ್ಟರಿಗೆ ಹೋಗಿ, ಬಿರುಕಿನಿಂದ ಬಂದ ಗಾಳಿಯ ಜೊತೆ ಸೇರಿ ಅಲ್ಲೇ ಉರಿಯುತ್ತದೆ. ಸಾಮಾನ್ಯವಾಗಿ ಕೆಲವು ನೂರು ಡಿಗ್ರಿಯಲ್ಲಿ ಕೆಲಸ ಮಾಡುವ ಕನ್ವರ್ಟರ್ ಹೀಗಾದಾಗ ಸಾವಿರ ಡಿಗ್ರಿ ಸೆಲ್ಸಿಯಸ್ಸನ್ನೂ ದಾಟಬಲ್ಲದು. ಬಿಚ್ಚಿದಾಗ ಅದರ ಜೇನುಗೂಡಿನಂಥ ಸೆರಾಮಿಕ್ ಒಂದು ಕಡೆ ಕರಗಿ ಮುದ್ದೆಯಾಗಿತ್ತು. ಅಲುಗಾಡಿಸಿದರೆ ಒಳಗೆ ಚೂರುಗಳು ಗಲಗಲ ಎನ್ನುತ್ತಿದ್ದವು.

ಆಗ ಮಾಡಿದ ಲೀಕ್‌ಡೌನ್ ಪರೀಕ್ಷೆಯಲ್ಲಿ ಬಲಬದಿಯ ನಾಲ್ಕೂ ಸಿಲಿಂಡರುಗಳು ನೂರಕ್ಕೆ ಹತ್ತರೊಳಗೆ ಇದ್ದವು. ಎಡಬದಿಯ ಒಂದು ಸಿಲಿಂಡರ್ ಇಪ್ಪತ್ತನಾಲ್ಕು ತೋರಿಸಿತು, ಸೈಲೆನ್ಸರಿನಲ್ಲಿ ಸುಯ್ ಎಂಬ ಸದ್ದು. ಎಕ್ಸಾಸ್ಟ್ ವಾಲ್ವನ್ನು ನೇರವಾಗಿ ಹಿಡಿದಿಡುವ ಗೈಡ್ ಸವೆದು, ವಾಲ್ವ್ ಅಲುಗಾಡಿ, ತನ್ನ ಪೀಠದ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಕೊಳ್ಳುವ ಮುನ್ನ ಇದೇ ಪರೀಕ್ಷೆ ಆಗಿದ್ದರೆ ಕಾರಿನ ಬೆಲೆಯ ಮಾತುಕತೆಯೇ ಬೇರೆ ಇರುತ್ತಿತ್ತು.

ಎಂಜಿನ್ ಕೆಳಗಿಳಿದ ಎಂಟು ತಿಂಗಳು

ಬೆಲ್ಟಿನ ಕೆಲಸವನ್ನು ಮುಂಚಿತವಾಗಿಯೇ ಇದರೊಂದಿಗೆ ಸೇರಿಸುವುದೆಂದು ತೀರ್ಮಾನವಾಯಿತು. ಬಳಗ ಇಲ್ಲಿ ತನ್ನ ನಿಜವಾದ ಬೆಲೆಯನ್ನು ತೋರಿಸಿತು. ಒಬ್ಬರು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳನ್ನು ಅಲುಗದಂತೆ ಹಿಡಿಯುವ ವಿಶೇಷ ಸಲಕರಣೆ ಕೊಟ್ಟರು, ಇನ್ನೊಬ್ಬರ ಬಳಿ ಇಳಿಸಿದ ಎಂಜಿನ್ನನ್ನು ಕೂರಿಸುವ ಚಕ್ರದ ಚೌಕಟ್ಟು ಇತ್ತು, ಮತ್ತೊಬ್ಬರು ಯಾವ ಬೋಲ್ಟ್ ಎಲ್ಲಿಯದೆಂದು ತಮ್ಮ ಹಳೆಯ ಕೆಲಸದ ಇನ್ನೂರು ಫೋಟೋಗಳನ್ನು ಕಳಿಸಿದರು. ದುಡ್ಡು ಕೊಟ್ಟರೂ ಸಿಗದ ಸಹಾಯ ಅದು.

ಅದೇ ಬಳಗದಿಂದ ಇನ್ನೊಂದು ಒತ್ತಡವೂ ಬಂತು. ಹೇಗೂ ಬಿಚ್ಚಿದ್ದೀರಿ, ಕ್ಲಚ್ಚನ್ನೂ ಹಾಕಿಸಿಬಿಡಿ. ಹೇಗೂ ಬಿಚ್ಚಿದ್ದೀರಿ, ಎಂಜಿನ್ ಮುಚ್ಚಳಗಳಿಗೆ ಬಣ್ಣ ಹೊಡೆಸಿಬಿಡಿ. ಇಂಥ ಒಂದೊಂದು ಮಾತೂ ಸಮಂಜಸ ಎನಿಸುತ್ತದೆ, ಎಲ್ಲ ಸೇರಿದರೆ ಮನೆ ಮುಳುಗುತ್ತದೆ. ಮಾಲೀಕರು ತಮ್ಮ ನೋಟ್‌ಬುಕ್ಕಿನ ಒಂದು ಪುಟವನ್ನು ಮೂರು ಭಾಗ ಮಾಡಿದರು. ಎಂಜಿನ್ ಇಳಿದಾಗ ಮಾತ್ರ ಕೈಗೆ ಸಿಗುವುದು, ಎಂಜಿನ್ ಇದ್ದಂತೆಯೇ ಮಾಡಬಹುದಾದದ್ದು, ಕಣ್ಣಿಗೆ ಚೆನ್ನಾಗಿ ಕಾಣುವುದಕ್ಕಷ್ಟೇ ಬೇಕಾದದ್ದು. ಮೊದಲ ಭಾಗಕ್ಕೆ ಮಾತ್ರ ಹಣ. ಕ್ಲಚ್ ಕಾರಿನ ಹಿಂತುದಿಯಲ್ಲಿದ್ದು ಎಂಜಿನ್ ಇಳಿಸದೆ ಸಿಗುವುದರಿಂದ ಎರಡನೆಯ ಭಾಗಕ್ಕೆ ಹೋಯಿತು. ನೀರಿನ ಪಂಪು, ಎಂಜಿನ್ ಕೋಣೆಯ ಎಲ್ಲ ಪೆಟ್ರೋಲ್ ಮತ್ತು ನೀರಿನ ಹೋಸುಗಳು ಮೊದಲ ಭಾಗಕ್ಕೆ ಬಂದವು. ಬಣ್ಣ ಮೂರನೆಯದಕ್ಕೆ.

ಬಲಬದಿಯ ಸಿಲಿಂಡರ್ ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ತೆರೆಯಬೇಕೇ ಎಂಬುದರ ಮೇಲೆ ಬಹಳ ಚರ್ಚೆ ನಡೆಯಿತು. ಪರೀಕ್ಷೆಯ ಅಂಕಿಗಳು ಚೆನ್ನಾಗಿದ್ದವು, ಮುಟ್ಟುವುದು ಬೇಡ ಎಂಬ ವಾದ ಬಲವಾಗಿತ್ತು. ಆದರೆ ಎರಡೂ ಬದಿಯ ಗೈಡುಗಳು ಒಂದೇ ಲೋಹದವು, ಒಂದೇ ವಯಸ್ಸಿನವು, ಆಮೇಲೆ ಬೇಕಾದರೆ ಮತ್ತೆ ಎಂಜಿನ್ ಇಳಿಸಬೇಕು. ಮಾಲೀಕರು ತೆರೆಯಲು ಹೇಳಿದರು. ಬಲದಲ್ಲೂ ಎರಡು ಗೈಡುಗಳು ಸವೆತದ ಮಿತಿಯ ಅಂಚಿಗೆ ಬಂದಿದ್ದವು.

ಐದನೆಯ ತಿಂಗಳು ಎಲ್ಲಕ್ಕಿಂತ ಕಷ್ಟದ್ದು. ಮ್ಯಾನಿಫೋಲ್ಡ್ ಸಿಗದೆ ಕೆಲಸ ನಿಂತಿತ್ತು. ಕಾರು ಒಂದು ಮೂಲೆಯಲ್ಲಿ, ಎಂಜಿನ್ ಇನ್ನೊಂದು ಮೂಲೆಯಲ್ಲಿ, ನಡುವೆ ಹೆಸರು ಬರೆದ ಪ್ಲಾಸ್ಟಿಕ್ ಚೀಲಗಳಲ್ಲಿ ಬೋಲ್ಟುಗಳು. ಬಳಗದ ಒಬ್ಬರು ಆ ಸ್ಥಿತಿಯಲ್ಲೇ ಕಾರನ್ನು ಕೊಳ್ಳುವುದಾಗಿ ಹೇಳಿದರು, ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ. ಅದರ ಹಿಂದಿನ ತಿಂಗಳಷ್ಟೇ ಅವರು, ಈ ಎಂಜಿನ್ನಿನ ಕೆಳಭಾಗವನ್ನೂ ಪೂರ್ತಿ ಬಿಚ್ಚಬೇಕಾಗಬಹುದು ಎಂದು ಮಾಲೀಕರಿಗೆ ಹೇಳಿದ್ದರು. ಅವರ ಮನಸ್ಸಿನಲ್ಲಿ ಕೇಡಿತ್ತು ಎಂದು ನಾನು ಹೇಳುವುದಿಲ್ಲ. ಅರ್ಧಕ್ಕೆ ಬಿಚ್ಚಿದ ಕಾರಿಗೆ ಎಲ್ಲಿಯಾದರೂ ಅಷ್ಟೇ ಬೆಲೆ ಸಿಗುತ್ತಿತ್ತು. ಆದರೆ ಕೊಳ್ಳುವ ಆಸೆಯುಳ್ಳವರು ಅದೇ ಕಾರಿನ ರೋಗದ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಬಳಗದಲ್ಲಿ ಇದರಿಂದ ಮನಸ್ತಾಪವಾಯಿತು, ಇಬ್ಬರು ಕೆಲವು ಕಾಲ ದೂರವಾದರು.

ಮಾಲೀಕರು ಆ ರಾತ್ರಿ ಒಂದು ಲೆಕ್ಕ ಬರೆದು ನನಗೆ ತೋರಿಸಿದರು. ಕೆಲಸ ಮುಗಿಸಲು ಇನ್ನೆಷ್ಟು ಬೇಕು ಎಂಬುದು ಒಂದು ಕಡೆ. ಬಿಚ್ಚಿದ ಕಾರಿಗೂ ಓಡುವ ಕಾರಿಗೂ ನಡುವಿನ ಬೆಲೆಯ ಅಂತರ ಇನ್ನೊಂದು ಕಡೆ. ಆಗಲೇ ಖರ್ಚಾದ ಹಣವನ್ನು ಆ ಹಾಳೆಯಲ್ಲಿ ಬರೆದೇ ಇರಲಿಲ್ಲ. "ಅದು ಹೋಯಿತು ಸರ್, ಮಾರಿದರೂ ಬರುವುದಿಲ್ಲ, ಇಟ್ಟುಕೊಂಡರೂ ಬರುವುದಿಲ್ಲ" ಎಂದರು. ಮುಗಿಸುವ ಖರ್ಚು ಅಂತರಕ್ಕಿಂತ ಕಡಿಮೆ ಇತ್ತು. ಮುಗಿಸಿದರು.

ಒಡೆದ ಮ್ಯಾನಿಫೋಲ್ಡನ್ನು ಬೆಸುಗೆ ಹಾಕಿಸುವ ಆಲೋಚನೆಯೂ ಇತ್ತು. ಕಾದು ತಣಿದು ಕಾದು ತಣಿದು ದಣಿದ ತೆಳು ಲೋಹಕ್ಕೆ ಬೆಸುಗೆ ಹೆಚ್ಚು ಕಾಲ ನಿಲ್ಲುವುದಿಲ್ಲ, ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಕೊನೆಗೆ ಸ್ಟೇನ್‌ಲೆಸ್ ಸ್ಟೀಲಿನ ಒಂಟಿ ಪದರದ ಮ್ಯಾನಿಫೋಲ್ಡುಗಳನ್ನು ಅಳತೆಗೆ ಮಾಡಿಸಿದರು, ಶಾಖ ತಡೆಯಲು ಮೇಲೆ ಸೆರಾಮಿಕ್ ಲೇಪ. ಮೂಲ ಭಾಗವಲ್ಲ ಎಂದು ಕೆಲವರು ಮೂಗು ಮುರಿದರು. ಮುಂದೆ ಎಂದಾದರೂ ಬಿರಿದರೆ ಅದು ಕಣ್ಣಿಗೆ ಕಾಣುತ್ತದೆ ಎಂಬುದು ಮಾಲೀಕರ ಉತ್ತರ. ಹಳೆಯವನ್ನು ಎಸೆಯದೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಕಾರು ಕೈ ಬದಲಾದರೆ ಅದರ ಜೊತೆಗೇ ಹೋಗುತ್ತವೆ. ನನಗೆ ಇದು ತುಂಬ ಸರಿಯೆನಿಸಿತು.

ಫಲ, ಮತ್ತು ಅದರಿಂದ ನಾವು ಬದಲಿಸಿಕೊಂಡದ್ದು

ಎಂಟನೆಯ ತಿಂಗಳ ಕೊನೆಗೆ ಕಾರು ಓಡಿತು. ಎಂಟೂ ಸಿಲಿಂಡರುಗಳ ಸೋರಿಕೆ ನೂರಕ್ಕೆ ಆರರ ಒಳಗೆ ಬಂತು, ಎರಡೂ ಬದಿಯ ಕೊಳವೆಗಳ ಶಾಖದಲ್ಲಿ ಹದಿನೈದು ಡಿಗ್ರಿಯ ಅಂತರವೂ ಉಳಿಯಲಿಲ್ಲ. ಒಟ್ಟು ಖರ್ಚು ಕೊಂಡ ಬೆಲೆಯ ಮೂರನೇ ಒಂದು ಭಾಗವನ್ನು ದಾಟಿತು. ಮೊದಲ ಸಂಜೆಯೇ ಬಿರುಕು ಪತ್ತೆಯಾಗಿದ್ದರೆ ಕನ್ವರ್ಟರ್, ಆಕ್ಸಲ್ ಮುಸುಕು, ಲಾರಿ ಸಾಗಣೆ ಉಳಿಯುತ್ತಿದ್ದವು. ವಾಲ್ವ್ ಗೈಡುಗಳ ಖರ್ಚು ಹೇಗೂ ತಪ್ಪುತ್ತಿರಲಿಲ್ಲ. ಹಣಕ್ಕಿಂತ ದೊಡ್ಡ ಮಾತು ಆ ಏರುದಾರಿಯದು. ಮೆತ್ತಗಾದ ಹೋಸಿನಿಂದ ಪೆಟ್ರೋಲ್ ಕೊಳವೆಗೆ ಇದ್ದದ್ದು ಒಂದೇ ಗೇಣು.

ಬಳಗದಲ್ಲಿ ಈಗ ದೋಷದ ಪ್ರಶ್ನೆ ಬಂದರೆ ಮೊದಲ ಮರುಪ್ರಶ್ನೆ, ಏನು ಅಳೆದಿರಿ, ಯಾವಾಗ ಅಳೆದಿರಿ ಎಂಬುದು. ಎರಡು ಬದಿಗೂ ಒಂದೇ ಬಗೆಯ ಭಾಗವಿದ್ದರೆ ಅದಲುಬದಲು ಮಾಡಿ ನೋಡದೆ ಹೊಸದನ್ನು ಕೊಳ್ಳಲು ಯಾರೂ ಹೇಳುವುದಿಲ್ಲ. ಹೊಸ ಭಾಗ ಹಾಕಿದ ಮೇಲೂ ದೋಷ ಮರಳಿದರೆ ಮೊದಲ ಊಹೆಯನ್ನು ಕೈಬಿಟ್ಟು ಬುಡದಿಂದ ಶುರುಮಾಡುತ್ತೇವೆ. ಎಚ್ಚರಿಕೆಯ ದೀಪದ ತಂತಿ ಕಳಚುವ ಮಾತನ್ನು ಬಳಗದಲ್ಲಿ ಯಾರೂ ಆಡಕೂಡದು ಎಂದು ನಾನೇ ಸೂಚಿಸಿದೆ, ಒಬ್ಬರೂ ವಿರೋಧಿಸಲಿಲ್ಲ. ಕಾರು ಕೊಳ್ಳಲು ಹೊರಟವರಿಗೆ ಲೀಕ್‌ಡೌನ್ ಪರೀಕ್ಷೆಯಿಲ್ಲದೆ ಮುಂಗಡ ಕೊಡಬೇಡಿ ಎನ್ನುತ್ತೇವೆ. ಕಡಿಮೆ ಓಡಿದ ಕಾರನ್ನು ಕಂಡರೆ ರಬ್ಬರಿನ ವಯಸ್ಸನ್ನು ಕೇಳುತ್ತೇವೆ. ಎಪ್ಪತ್ತು ಸಾವಿರ ಓಡಿದ್ದ ಆ ಇನ್ನೊಂದು ಕಾರನ್ನು ಆಮೇಲೆ ನಮ್ಮವರೇ ಒಬ್ಬರು ಕೊಂಡರು. ಅದು ಇಂದಿಗೂ ಪ್ರತಿ ಸವಾರಿಗೆ ಬರುತ್ತದೆ, ಸವೆದ ಆಸನದ ಸಮೇತ.

ಬಳಗದ ಅನುಭವಕ್ಕೆ ಬೆಲೆಯಿಲ್ಲ ಎಂದು ಮಾತ್ರ ಈ ಪ್ರಕರಣವನ್ನು ಓದಬಾರದು. ಮಾಡ್ಯೂಲುಗಳು ನಿಜಕ್ಕೂ ಕೆಡುತ್ತವೆ. ಏಳು ಜನ ಹೇಳಿದ್ದು ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದಕ್ಕೆ ಒಳ್ಳೆಯ ಉತ್ತರವೇ ಆಗಿತ್ತು. ಅದನ್ನು ಹುಡುಕಾಟದ ಕೊನೆಯ ಉತ್ತರವಾಗಿ ಕೊಟ್ಟದ್ದು ನಮ್ಮ ತಪ್ಪು, ತೆಗೆದುಕೊಂಡದ್ದು ಮಾಲೀಕರ ತಪ್ಪು. ಈ ಎರಡನೆಯ ಮಾತನ್ನು ಸೇರಿಸಲು ಅವರೇ ಹೇಳಿದರು.

ಕೆಲಸ ಮುಗಿದು ಎರಡು ವರ್ಷದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರ ಫೋನ್ ಬಂತು. ಬಲಬದಿಯ ದೀಪ ಮಿನುಗಿತ್ತು. ನಾನು ಏನೂ ಹೇಳುವ ಮೊದಲೇ, ಎರಡೂ ಬದಿಯ ಶಾಖ ನೋಡಿದೆ, ಸಮವಾಗಿದೆ, ಮಾಡ್ಯೂಲುಗಳನ್ನು ಅದಲುಬದಲು ಮಾಡಿ ಇಪ್ಪತ್ತು ನಿಮಿಷ ಓಡಿಸಿದೆ ಎಂದರು. ದೀಪ ಎಡಕ್ಕೆ ಬಂದಿತ್ತು. ಈ ಸಲ ಕೆಟ್ಟಿದ್ದದ್ದು ಮಾಡ್ಯೂಲೇ. ಹೊಸದನ್ನು ತರಿಸಿ ಹಾಕಿದರು, ಅರ್ಧ ಗಂಟೆಯ ಕೆಲಸ. ತೆಗೆದ ಹಳೆಯದರ ಮೇಲೆ ದಿನಾಂಕವನ್ನೂ "ಪರೀಕ್ಷಿಸಿದೆ, ಕೆಟ್ಟಿದೆ" ಎಂಬ ಎರಡು ಪದಗಳನ್ನೂ ಬರೆದು, ಒಡೆದ ಮ್ಯಾನಿಫೋಲ್ಡ್ ಇರುವ ಪೆಟ್ಟಿಗೆಯಲ್ಲೇ ಇಟ್ಟರು.